ಬೀಗದ ಕೈ ಯಾರ ಹತ್ತಿರ? ಫೋನಿಗೂ ಲ್ಯಾಪ್‌ಟಾಪಿಗೂ ಹೊಂದುವ ಬ್ರೌಸರ್ ಆರಿಸುವ ಬಗೆ

ಬ್ರೌಸರ್ ಸಿಂಕ್ ಅಂದರೆ ನಿಮ್ಮ ಟ್ರಂಕನ್ನು ಇನ್ನೊಬ್ಬರ ಮನೆಯಲ್ಲಿ ಇಡುವ ಏರ್ಪಾಡು. ಮಂಡ್ಯದ ಮನೆಯ ಲ್ಯಾಪ್‌ಟಾಪು, ಮೈಸೂರಿಗೆ ರೈಲಲ್ಲಿ ಹೋಗುವಾಗ ಕೈಲಿರುವ ಫೋನು, ಆಫೀಸಿನ ಕಂಪ್ಯೂಟರು, ಹೀಗೆ ಎಲ್ಲಿ ಕೂತರೂ ಅದೇ ಬುಕ್‌ಮಾರ್ಕು, ಅದೇ ಪಾಸ್‌ವರ್ಡು, ಅರ್ಧ ಓದಿ ಬಿಟ್ಟ ಅದೇ ಟ್ಯಾಬು ಸಿಗಬೇಕಾದರೆ ಅವುಗಳದೊಂದು ಪ್ರತಿ ಯಾವುದೋ ಕಂಪನಿಯ ಸರ್ವರಿನಲ್ಲಿ ಇರಲೇಬೇಕು. ಅದರಲ್ಲಿ ತಪ್ಪೇನಿಲ್ಲ. ಕೇಳಬೇಕಾದ್ದು ಒಂದೇ: ಟ್ರಂಕಿನ ಬೀಗದ ಕೈ ನಿಮ್ಮ ಹತ್ತಿರ ಮಾತ್ರ ಇದೆಯೋ, ಆ ಮನೆಯವರ ಹತ್ತಿರವೂ ಒಂದು ಇದೆಯೋ?

ಕೈ ನಿಮ್ಮ ಹತ್ತಿರ ಮಾತ್ರ ಇರುವ ಪದ್ಧತಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಅನ್ನುತ್ತಾರೆ. ಸಾಮಾನಿಗೆ ನಿಮ್ಮ ಫೋನಿನೊಳಗೇ ಬೀಗ ಬೀಳುತ್ತದೆ, ಬೀಗ ಬಿದ್ದ ಮೇಲೆ ಸರ್ವರಿಗೆ ಹೋಗುತ್ತದೆ, ನಿಮ್ಮದೇ ಇನ್ನೊಂದು ಸಾಧನದಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ಸರ್ವರ್ ಕಳುವಾದರೂ ಕಳ್ಳನಿಗೆ ಸಿಗುವುದು ಬೀಗ ಹಾಕಿದ ಪೆಟ್ಟಿಗೆ. ಇದಕ್ಕೊಂದು ಬೆಲೆಯೂ ಉಂಟು. ಕೈ ಕಳೆದುಕೊಂಡರೆ ಕಂಪನಿಗೆ ಫೋನ್ ಮಾಡಿ ಗೋಗರೆದರೂ ಪ್ರಯೋಜನವಿಲ್ಲ, ಅವರ ಹತ್ತಿರ ನಿಜಕ್ಕೂ ಇನ್ನೊಂದು ಕೈ ಇಲ್ಲ. ಈ ಬೆಲೆ ಕೊಡಲು ತಯಾರಿದ್ದೀರಾ ಎಂದು ಮೊದಲೇ ಯೋಚಿಸಿ. ಪಾಸ್‌ವರ್ಡ್ ಮರೆಯುವುದೇ ಅಭ್ಯಾಸ ಅನ್ನುವವರು ಕೆಳಗೆ ಹೇಳಿರುವ ರಿಕವರಿ ಕೀಲಿಯ ಭಾಗವನ್ನು ಎರಡು ಸಲ ಓದಿಕೊಳ್ಳಿ.

ಎರಡನೆಯದು ಟ್ರ್ಯಾಕರ್ ತಡೆ. ಒಂದು ಅಂಗಡಿಯ ಪುಟದಲ್ಲಿ ಮೈಸೂರು ಸಿಲ್ಕ್ ಸೀರೆ ನೋಡಿದರೆ ವಾರವಿಡೀ ಹವಾಮಾನದ ಪುಟದಲ್ಲೂ ಅದೇ ಸೀರೆ ಇಣುಕುವುದು ಏಕೆಂದರೆ, ಎರಡೂ ಪುಟಗಳಲ್ಲಿ ಒಂದೇ ಜಾಹೀರಾತು ಕಂಪನಿಯ ತುಣುಕು ಕೂತಿದೆ, ಅದು ನಿಮ್ಮ ಬ್ರೌಸರಿನಲ್ಲಿ ಬಿಟ್ಟ ಕುಕಿ ಎಂಬ ಗುರುತಿನ ಚೀಟಿ ಹಿಡಿದು ನಿಮ್ಮ ಹಿಂದೆ ಬರುತ್ತಿದೆ. ಒಳ್ಳೆಯ ಬ್ರೌಸರು ಇಂಥ ತುಣುಕುಗಳನ್ನು ತಾನಾಗಿ ತಡೆಯುತ್ತದೆ, ಇಲ್ಲವೇ ಪ್ರತಿ ಸೈಟಿನ ಕುಕಿಯನ್ನು ಅದರದೇ ಡಬ್ಬಿಯಲ್ಲಿ ಮುಚ್ಚಿಡುತ್ತದೆ. ಇನ್‌ಕಾಗ್ನಿಟೋ ಕಿಟಕಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಮರೆಮಾಡುವುದು ಆ ಕಂಪ್ಯೂಟರಿನಲ್ಲಿ ನಿಮ್ಮ ನಂತರ ಕೂರುವವರಿಂದ ಮಾತ್ರ. ನೆಟ್ ಕೊಡುವ ಕಂಪನಿ, ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರು, ಎದುರಿನ ವೆಬ್‌ಸೈಟು ಇವರಿಂದ ಅಲ್ಲ.

ಯಾರು ಹೇಗೆ

ಕ್ರೋಮ್ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಕೂತಿರುತ್ತದೆ. ವೇಗವಿದೆ, ಭದ್ರತಾ ಅಪ್‌ಡೇಟ್ ಚುರುಕಾಗಿ ಬರುತ್ತದೆ. ಆದರೆ ಅದನ್ನು ಮಾಡಿದ ಗೂಗಲ್‌ನವರ ವರಮಾನದ ಬಹುಪಾಲು ಜಾಹೀರಾತಿನದು. ಥರ್ಡ್ ಪಾರ್ಟಿ ಕುಕಿಗಳನ್ನು, ಅಂದರೆ ನೀವು ತೆರೆದ ಸೈಟಿನದಲ್ಲದ ಹೊರಗಿನವರ ಕುಕಿಗಳನ್ನು, ತೆಗೆದೇಬಿಡುತ್ತೇವೆ ಎಂದು 2020ರಲ್ಲಿ ಹೇಳಿ, 2024ರ ಜುಲೈನಲ್ಲಿ ಆ ಯೋಜನೆ ಕೈಬಿಟ್ಟರು. ಎಕ್ಸ್‌ಟೆನ್ಷನ್‌ಗಳ, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳ, ನಿಯಮ ಬದಲಾದ ಮೇಲೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್‌ನ ಪೂರ್ತಿ ಆವೃತ್ತಿ ಕ್ರೋಮ್‌ನಲ್ಲಿ ಓಡುವುದಿಲ್ಲ, ಸಿಗುವುದು ಶಕ್ತಿ ಕಡಿಮೆ ಮಾಡಿದ ಲೈಟ್ ಆವೃತ್ತಿ. ಕೆಲಸದ ಕಾರಣಕ್ಕೆ ಕ್ರೋಮ್ ಬಿಡುವಂತಿಲ್ಲ ಅನ್ನುವವರಿಗೆ ಒಂದು ದಾರಿ ಇದೆ: ಸಿಂಕ್ ಸೆಟ್ಟಿಂಗ್ಸ್‌ನ ಎನ್‌ಕ್ರಿಪ್ಷನ್ ಆಯ್ಕೆಯಲ್ಲಿ ನಿಮ್ಮದೇ ಪಾಸ್‌ಫ್ರೇಸ್ (ಉದ್ದನೆಯ ಪಾಸ್‌ವರ್ಡ್) ಇಡಬಹುದು. ಆಗ ಬೀಗದ ಕೈ ನಿಮ್ಮದಾಗುತ್ತದೆ. ಬದಲಿಗೆ, ನೋಡಿದ ಪುಟಗಳ ಇತಿಹಾಸ ಇನ್ನೊಂದು ಸಾಧನಕ್ಕೆ ಪೂರ್ತಿ ಹೋಗುವುದಿಲ್ಲ, ಅಡ್ರೆಸ್ ಬಾರಿನಲ್ಲಿ ಕೈಯಾರೆ ಟೈಪ್ ಮಾಡಿದ ವಿಳಾಸಗಳು ಮಾತ್ರ ಹೋಗುತ್ತವೆ.

ಐಫೋನು, ಮ್ಯಾಕು ಎರಡೂ ಇರುವವರು ಸಫಾರಿ ಬಿಟ್ಟು ಬೇರೆ ಹುಡುಕುವ ಅಗತ್ಯ ಕಡಿಮೆ. ಅಲ್ಲಿ ಪಾಸ್‌ವರ್ಡು, ಇತಿಹಾಸ, ಟ್ಯಾಬುಗಳಿಗೆ ತಾನಾಗಿಯೇ ಎಂಡ್ ಟು ಎಂಡ್ ಬೀಗವಿದೆ. ಬುಕ್‌ಮಾರ್ಕಿಗೂ ಬೇಕಾದರೆ ಐಕ್ಲೌಡ್‌ನ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಆನ್ ಮಾಡಬೇಕು. ಮನೆಯಲ್ಲಿ ಒಂದು ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಮಾತ್ರ ಈ ಸುಖ ಕೆಡುತ್ತದೆ.

ಡಕ್‌ಡಕ್‌ಗೋ ಬ್ರೌಸರು ಸರಳ. ಖಾತೆ ಬೇಕಿಲ್ಲ, ರಿಕವರಿ ಕೋಡ್ ಇರುವ ಒಂದು ಪಿಡಿಎಫ್ ಕೊಡುತ್ತದೆ. ಬುಕ್‌ಮಾರ್ಕು, ಪಾಸ್‌ವರ್ಡು ಸಾಕು ಅನ್ನುವವರಿಗೆ, ಹಿರಿಯರ ಫೋನಿಗೆ ಹೊಂದುತ್ತದೆ. ನಾರ್ವೆಯ ವಿವಾಲ್ಡಿ, ಟ್ಯಾಬುಗಳನ್ನು ರಾಶಿ ಹಾಕಿಕೊಂಡು ಕೆಲಸ ಮಾಡುವವರಿಗೆ ಇಷ್ಟವಾಗಬಹುದು. ಅದರಲ್ಲಿ ಲಾಗಿನ್ ಪಾಸ್‌ವರ್ಡ್ ಬೇರೆ, ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಬೇರೆ. ಎರಡಕ್ಕೂ ಒಂದೇ ಪದ ಕೊಟ್ಟರೆ ಎರಡು ಇಟ್ಟ ಉದ್ದೇಶವೇ ಹಾಳು. ಗುರುತು ಸಿಗದಿರಲಿ ಎಂದೇ ಮಾಡಿದ ಟಾರ್ ಬ್ರೌಸರು, ಮುಲ್‌ವಾಡ್ ಬ್ರೌಸರುಗಳಲ್ಲಿ ಸಿಂಕ್ ಇಲ್ಲ. ಅದು ಕೊರತೆಯಲ್ಲ, ಬೇಕೆಂದೇ ಬಿಟ್ಟದ್ದು. ಯುಸಿ ಬ್ರೌಸರನ್ನು ಕೇಂದ್ರ ಸರ್ಕಾರ 2020ರ ಜೂನ್ 29ರಂದೇ ನಿಷೇಧಿಸಿತು. ಹಳೆಯ ಫೋನಿನಲ್ಲಿ ಇನ್ನೂ ಉಳಿದಿದ್ದರೆ ಇವತ್ತೇ ತೆಗೆದುಹಾಕಿ.

ವಿಂಡೋಸ್ ಲ್ಯಾಪ್‌ಟಾಪು, ಆಂಡ್ರಾಯ್ಡ್ ಫೋನು ಇರುವ ನಮ್ಮ ಕಡೆಯ ಬಹುಪಾಲು ಮನೆಗಳಿಗೆ ಉಳಿಯುವುದು ಎರಡು: ಫೈರ್‌ಫಾಕ್ಸ್ ಮತ್ತು ಬ್ರೇವ್. ಸಿಂಕ್ ಮುಖ್ಯವಾದರೆ ಫೈರ್‌ಫಾಕ್ಸ್ ಮೇಲು. ಫೋನಿನಲ್ಲಿ ರ‍್ಯಾಮ್ ಕಡಿಮೆ ಇದ್ದು, ಟ್ರ್ಯಾಕರ್ ತಡೆಗೆಂದು ಸೆಟ್ಟಿಂಗ್ಸ್ ಮುಟ್ಟುವ ಗೋಜೇ ಬೇಡ ಅನ್ನುವವರಿಗೆ ಬ್ರೇವ್.

ಫೈರ್‌ಫಾಕ್ಸ್ ಹೂಡುವುದು

ಲ್ಯಾಪ್‌ಟಾಪಿನಿಂದಲೇ ಶುರುಮಾಡಿ. ಫೋನಿನಿಂದ ಶುರುಮಾಡಿದರೂ ಆಗುತ್ತದೆ, ಆದರೆ ಹಳೆಯ ಬ್ರೌಸರಿನ ಸಾಮಾನು ತರುವುದು ಲ್ಯಾಪ್‌ಟಾಪಿನಲ್ಲಿ ಸಲೀಸು.

ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. ತೆರೆದ ಮೇಲೆ ಬಲಗಡೆ ಮೂರು ಗೆರೆಯ ಮೆನು, ಅಲ್ಲಿ ಸೈನ್ ಇನ್. ಇಮೇಲ್ ಕೊಟ್ಟು ಪಾಸ್‌ವರ್ಡ್ ಇಡಬೇಕು. ಇಲ್ಲೇ ನಿಧಾನಿಸಿ, ಏಕೆಂದರೆ ಈ ಪಾಸ್‌ವರ್ಡಿನಿಂದಲೇ ಬೀಗದ ಕೈ ತಯಾರಾಗುವುದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ: ಹುರುಳಿ, ತೂಗುಮಂಚ, ಗಿರಣಿ, ಏಣಿ, ಈ ಥರ. ಇದನ್ನೇ ಇಡಬೇಡಿ, ಇಲ್ಲಿ ಅಚ್ಚಾಗಿಹೋಯಿತು. ಪದ ಕನ್ನಡದ್ದಿರಲಿ, ಟೈಪ್ ಮಾಡುವುದು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಕನ್ನಡ ಲಿಪಿಯಲ್ಲಿ ಇಟ್ಟರೆ ಒಂದು ವಿಚಿತ್ರ ತೊಂದರೆ ಬರುತ್ತದೆ. ರ‍್ಯಾಂಕ್ ಅನ್ನುವಂಥ ಪದಗಳಲ್ಲಿ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಕೂತಿರುತ್ತದೆ. ಒಂದು ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಂದು ಹಾಕದೆ ಇರಬಹುದು. ಲ್ಯಾಪ್‌ಟಾಪಿನಲ್ಲಿ ಸರಿಹೋದ ಪಾಸ್‌ವರ್ಡು ಫೋನಿನಲ್ಲಿ ತಪ್ಪು ಅನ್ನಿಸಿಕೊಳ್ಳುತ್ತದೆ, ಕಾರಣ ಎಷ್ಟು ದಿಟ್ಟಿಸಿದರೂ ಕಾಣುವುದಿಲ್ಲ.

ಖಾತೆ ಆದ ತಕ್ಷಣ, ಬೇರೇನೂ ಮಾಡುವ ಮೊದಲು, ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ರಿಕವರಿ ಕೀ ತಯಾರಿಸಿಕೊಳ್ಳಿ. ಇದಿಲ್ಲದೆ ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿದರೆ ಖಾತೆ ಉಳಿಯುತ್ತದೆ, ಸರ್ವರಿನಲ್ಲಿದ್ದ ಸಾಮಾನು ಅಳಿಸಿಹೋಗುತ್ತದೆ. ಯಾವುದಾದರೂ ಒಂದು ಸಾಧನದಲ್ಲಿ ಅದು ಉಳಿದಿದ್ದರೆ ಅಲ್ಲಿಂದ ಮತ್ತೆ ಮೇಲೇರುತ್ತದೆ. ಇದ್ದ ಒಂದೇ ಫೋನು ಕಳೆದುಹೋಗಿ, ಹೊಸ ಫೋನಿನಲ್ಲಿ ಪಾಸ್‌ವರ್ಡ್ ರೀಸೆಟ್ ಮಾಡಿದವರ ಕಥೆ ಮುಗಿಯಿತು. ಆ ಕೀಯನ್ನು ಪ್ರಿಂಟ್ ತೆಗೆದು ಪಹಣಿ, ಆಧಾರ್ ಜೆರಾಕ್ಸ್ ಇಡುವ ಫೈಲಿನಲ್ಲೇ ಇಡಿ. ಫೋನಿನ ಗ್ಯಾಲರಿಯಲ್ಲಿ ಫೋಟೋ ತೆಗೆದಿಡುವುದು ಬೀಗದ ಕೈಯನ್ನು ಟ್ರಂಕಿನೊಳಗೇ ಇಟ್ಟ ಹಾಗೆ. ಎರಡು ಹಂತದ ಲಾಗಿನ್ ಆನ್ ಮಾಡಿದಾಗ ಬ್ಯಾಕಪ್ ಕೋಡ್‌ಗಳು ಅಂತ ಇನ್ನೊಂದು ಪಟ್ಟಿ ಕೊಡುತ್ತಾರೆ. ಅದು ಬೇರೆ, ಇದು ಬೇರೆ. ಆ ಕೋಡ್‌ಗಳು ಬಾಗಿಲು ತೆಗೆಯುತ್ತವೆ, ಟ್ರಂಕು ತೆಗೆಯುವುದಿಲ್ಲ. ಅದಿದೆಯಲ್ಲ ಅಂತ ಇದನ್ನು ಬಿಟ್ಟುಬಿಡಬೇಡಿ.

ಇನ್ನು ಹಳೆಯ ಸಾಮಾನು. ಸೆಟ್ಟಿಂಗ್ಸ್‌ನಲ್ಲಿ ಇಂಪೋರ್ಟ್ ಬ್ರೌಸರ್ ಡೇಟಾ ಒತ್ತಿ, ಕ್ರೋಮ್ ಆರಿಸಿದರೆ ಬುಕ್‌ಮಾರ್ಕು, ಇತಿಹಾಸ ಬರುತ್ತವೆ. ಪಾಸ್‌ವರ್ಡುಗಳು ನೇರವಾಗಿ ಬರದೆ ಇರಬಹುದು, ಏಕೆಂದರೆ ವಿಂಡೋಸ್‌ನಲ್ಲಿ ಕ್ರೋಮ್ ತನ್ನ ದಾಸ್ತಾನಿಗೆ 2024ರಿಂದ ಇನ್ನೊಂದು ಬೀಗ ಹಾಕಿದೆ. ಆಗ ಕ್ರೋಮ್‌ನ ಪಾಸ್‌ವರ್ಡ್ ಮ್ಯಾನೇಜರಿನ ಸೆಟ್ಟಿಂಗ್ಸ್‌ನಿಂದ ಎಕ್ಸ್‌ಪೋರ್ಟ್ ಮಾಡಿ. ಒಂದು ಸಿಎಸ್‌ವಿ ಫೈಲ್ ಸಿಗುತ್ತದೆ, ಅದನ್ನು ಫೈರ್‌ಫಾಕ್ಸ್‌ಗೆ ಕೊಡಿ. ಆ ಫೈಲಿನಲ್ಲಿ ನಿಮ್ಮ ಅಷ್ಟೂ ಪಾಸ್‌ವರ್ಡುಗಳು ಬರಿಗಣ್ಣಿಗೆ ಓದುವಂತೆ ಬಿದ್ದಿರುತ್ತವೆ. ಕೆಲಸ ಮುಗಿದ ಕೂಡಲೇ ಶಿಫ್ಟ್ ಒತ್ತಿ ಡಿಲೀಟ್ ಮಾಡಿ. ಬರೀ ಡಿಲೀಟ್ ಒತ್ತಿದರೆ ರಿಸೈಕಲ್ ಬಿನ್ನಿನಲ್ಲಿ ಹಾಗೇ ಇರುತ್ತದೆ. ಡೌನ್‌ಲೋಡ್ಸ್ ಫೋಲ್ಡರು ಯಾವುದಾದರೂ ಕ್ಲೌಡಿಗೆ ತಾನಾಗಿ ಕಾಪಿ ಆಗುತ್ತಿದ್ದರೆ ಅಲ್ಲೂ ನೋಡಿ.

ಫೋನನ್ನು ಸೇರಿಸುವುದು ಸುಲಭ. ಲ್ಯಾಪ್‌ಟಾಪಿನ ಮೆನುವಿನಲ್ಲಿ ಖಾತೆಯ ಹೆಸರಿನ ಕೆಳಗೆ ಕನೆಕ್ಟ್ ಅನದರ್ ಡಿವೈಸ್ ಒತ್ತಿದರೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ಫೋನಿನ ಫೈರ್‌ಫಾಕ್ಸ್‌ನಲ್ಲಿ ಸೈನ್ ಇನ್ ಒತ್ತಿ, ಅಲ್ಲಿಂದಲೇ ಸ್ಕ್ಯಾನ್ ಮಾಡಿ. ಯುಪಿಐ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಏನೂ ಆಗುವುದಿಲ್ಲ. ಎರಡೂ ಕಡೆ ಒಪ್ಪಿಗೆ ಕೊಟ್ಟರೆ ಮುಗಿಯಿತು. ಫೋನಿನಲ್ಲಿ ಮತ್ತೆ ಇಂಪೋರ್ಟ್ ಮಾಡುವ ಉಸಾಬರಿ ಬೇಡ. 

ಏನೇನು ಸಿಂಕ್ ಆಗಬೇಕು ಎಂಬ ಪಟ್ಟಿಯಲ್ಲಿ ಎಲ್ಲಕ್ಕೂ ಟಿಕ್ ಹಾಕಬೇಕಿಲ್ಲ. ಬುಕ್‌ಮಾರ್ಕು, ಪಾಸ್‌ವರ್ಡು, ತೆರೆದ ಟ್ಯಾಬು ಸಾಕು. ಲ್ಯಾಪ್‌ಟಾಪನ್ನು ಮನೆಮಂದಿ ಎಲ್ಲ ಬಳಸುತ್ತಿದ್ದರೆ ಇತಿಹಾಸ ಸೇರಿಸಬೇಡಿ. ರಾತ್ರಿ ಫೋನಿನಲ್ಲಿ ಹುಡುಕಿದ್ದು ಬೆಳಗ್ಗೆ ಲ್ಯಾಪ್‌ಟಾಪಿನ ಅಡ್ರೆಸ್ ಬಾರಿನಲ್ಲಿ ತಾನಾಗಿ ಎದ್ದು ಬರುತ್ತದೆ. ಅಂಥ ಮನೆಯಲ್ಲಿ ಸೆಟ್ಟಿಂಗ್ಸ್‌ನ ಪ್ರೈಮರಿ ಪಾಸ್‌ವರ್ಡನ್ನೂ ಆನ್ ಮಾಡಿ, ಇಲ್ಲದಿದ್ದರೆ ಉಳಿಸಿದ ಪಾಸ್‌ವರ್ಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಎಕ್ಸ್‌ಟೆನ್ಷನ್‌ಗಳು ಲ್ಯಾಪ್‌ಟಾಪಿನಿಂದ ಲ್ಯಾಪ್‌ಟಾಪಿಗೆ ಸಿಂಕ್ ಆಗುತ್ತವೆ, ಫೋನಿಗೆ ಬರುವುದಿಲ್ಲ. ಅಲ್ಲಿ ಯುಬ್ಲಾಕ್ ಒರಿಜಿನ್ ಬೇರೆಯಾಗಿ ಹಾಕಿಕೊಳ್ಳಬೇಕು, ಆಂಡ್ರಾಯ್ಡ್‌ನಲ್ಲಿ ಅದು ಪೂರ್ತಿ ಕೆಲಸ ಮಾಡುತ್ತದೆ. ಡೇಟಾ ಪ್ಯಾಕ್ ಎಣಿಸಿ ಖರ್ಚು ಮಾಡುವವರಿಗೆ ಅದರ ಗುಣ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಪ್ರೈವಸಿ ಅಂಡ್ ಸೆಕ್ಯುರಿಟಿ ಪುಟದಲ್ಲಿ ಟ್ರ್ಯಾಕಿಂಗ್ ತಡೆಯನ್ನು ಸ್ಟ್ಯಾಂಡರ್ಡ್‌ನಿಂದ ಸ್ಟ್ರಿಕ್ಟ್‌ಗೆ ತನ್ನಿ. ಕುಕಿಗೆ ಪ್ರತ್ಯೇಕ ಡಬ್ಬಿಯ ವ್ಯವಸ್ಥೆ 2022ರಿಂದ ಸ್ಟ್ಯಾಂಡರ್ಡ್‌ನಲ್ಲೂ ಇದೆ, ಸ್ಟ್ರಿಕ್ಟ್ ಇನ್ನಷ್ಟು ತುಣುಕುಗಳನ್ನು ತಡೆಯುತ್ತದೆ. ಅದೇ ಪುಟದ ಕೆಳಗೆ ಮೊಜಿಲ್ಲಾಗೆ ತಾಂತ್ರಿಕ ಮಾಹಿತಿ ಕಳಿಸುವ ಟಿಕ್ ಇದೆ, ತೆಗೆಯಿರಿ. 2024ರ ಜುಲೈನಲ್ಲಿ ಬಂದ 128ನೇ ಆವೃತ್ತಿಯಲ್ಲಿ ಜಾಹೀರಾತು ಅಳೆಯುವ ಒಂದು ಆಯ್ಕೆಯನ್ನು ಬಳಕೆದಾರರನ್ನು ಕೇಳದೆಯೇ ಆನ್ ಮಾಡಿಟ್ಟಿದ್ದರು. ನಿಮ್ಮದರಲ್ಲಿ ಅದು ಕಂಡರೆ ಅದನ್ನೂ ತೆಗೆಯಿರಿ. ಖಾಸಗಿತನದ ಹೆಸರು ಹೇಳುವವರ ಸೆಟ್ಟಿಂಗ್ಸನ್ನೂ ವರ್ಷಕ್ಕೊಮ್ಮೆ ತೆರೆದು ನೋಡುವುದು ಒಳ್ಳೆಯದು.

ಇಷ್ಟಾದ ಮೇಲೆ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪಿನಲ್ಲಿ ಚೆಸ್ಕಾಂ ಕರೆಂಟ್ ಬಿಲ್ಲಿನ ಪುಟ ತೆರೆದು, ಟ್ಯಾಬಿನ ಮೇಲೆ ಬಲ ಕ್ಲಿಕ್ ಮಾಡಿ ಸೆಂಡ್ ಟ್ಯಾಬ್ ಟು ಡಿವೈಸ್ ಕೊಡಿ. ಫೋನಿಗೆ ನೋಟಿಫಿಕೇಶನ್ ಬಂದರೆ ಸಿಂಕ್ ಸರಿಯಾಗಿದೆ. ಬರದಿದ್ದರೆ ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆ ಫೈರ್‌ಫಾಕ್ಸನ್ನು ಹಿಂದಿನಿಂದ ಮುಚ್ಚಿಹಾಕುತ್ತಿರಬಹುದು. ಆ್ಯಪಿನ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ನಿರ್ಬಂಧ ತೆಗೆಯಿರಿ.

ಬ್ರೇವ್‌ನ ಲೆಕ್ಕವೇ ಬೇರೆ

ಬ್ರೇವ್‌ನಲ್ಲಿ ಖಾತೆಯೂ ಇಲ್ಲ, ಇಮೇಲೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ತೆರೆದು ಹೊಸ ಚೈನ್, ಅಂದರೆ ನಿಮ್ಮ ಸಾಧನಗಳ ಕೂಟ, ಶುರುಮಾಡಿದರೆ ಕ್ಯೂಆರ್ ಕೋಡು, ಇಲ್ಲವೇ 25 ಇಂಗ್ಲಿಷ್ ಪದಗಳ ಸಾಲು ಕೊಡುತ್ತದೆ. ಇನ್ನೊಂದು ಸಾಧನದಲ್ಲಿ ಅದನ್ನು ಸ್ಕ್ಯಾನ್ ಮಾಡಿ ಸೇರಿಸುವುದು. ಇಲ್ಲಿ ಬಹಳ ಜನ ಎಡವುತ್ತಾರೆ. 24 ಪದಗಳು ನಿಜವಾದ ಕೀಲಿ, 25ನೆಯದು ಕಾಲಕ್ಕೆ ಕಟ್ಟಿದ್ದು. ಆ ಕೋಡನ್ನು ಯಾರಾದರೂ ಮೋಸದಿಂದ ಪಡೆದು ಆಮೇಲೆ ಬಳಸದಿರಲಿ ಎಂದು ಹಾಗೆ ಮಾಡಿದ್ದಾರೆ. ಹಾಗಾಗಿ ಇವತ್ತು ಪೂರ್ತಿ ಸಾಲು ಬರೆದಿಟ್ಟುಕೊಂಡು ಆರು ತಿಂಗಳ ನಂತರ ಹಾಗೇ ಹಾಕಿದರೆ ತೆಗೆದುಕೊಳ್ಳುವುದಿಲ್ಲ. ಹೊಸ ಕೋಡ್ ಬೇಕಾದರೆ ಚೈನಿನಲ್ಲಿ ಇನ್ನೊಂದು ಸಾಧನ ಜೀವಂತವಾಗಿರಬೇಕು. ಒಂದೇ ಫೋನು ಇರುವವರಿಗೆ ಬ್ರೇವ್ ಸಿಂಕಿನಿಂದ ರಕ್ಷಣೆ ಇಲ್ಲ ಅಂತಲೇ ತಿಳಿಯಿರಿ. ಕನಿಷ್ಠ ಎರಡು ಸಾಧನ ಸೇರಿಸಿ.

ಚೈನ್ ಆದಮೇಲೆ ಮೊದಲಿಗೆ ಸಿಂಕ್ ಆಗುವುದು ಬುಕ್‌ಮಾರ್ಕು ಮಾತ್ರ. ಪಾಸ್‌ವರ್ಡು ಬರುತ್ತಿಲ್ಲವಲ್ಲ ಅನ್ನಿಸಿದರೆ ಅದನ್ನು ಪ್ರತಿ ಸಾಧನದಲ್ಲೂ ಕೈಯಾರೆ ಆನ್ ಮಾಡಬೇಕು. ಟ್ರ್ಯಾಕರ್ ತಡೆ ಮೊದಲ ದಿನದಿಂದಲೇ ಬಿಗಿಯಾಗಿದೆ, ಅದೇ ಇದರ ದೊಡ್ಡ ಗುಣ. ಬೇಡದ ಅಲಂಕಾರವೂ ಸಾಕಷ್ಟಿದೆ: ರಿವಾರ್ಡ್ಸ್, ಕ್ರಿಪ್ಟೋ ವ್ಯಾಲೆಟ್, ಎಐ ಸಹಾಯಕ. ಸೆಟ್ಟಿಂಗ್ಸ್‌ನಲ್ಲಿ ಒಂದೊಂದಾಗಿ ಮುಚ್ಚಿ. 2020ರಲ್ಲಿ ಅಡ್ರೆಸ್ ಬಾರಿನಲ್ಲಿ ಒಂದು ಕ್ರಿಪ್ಟೋ ತಾಣದ ಹೆಸರು ಟೈಪ್ ಮಾಡಿದರೆ ತನ್ನ ಕಮಿಷನ್ನಿನ ಕೊಂಡಿ ಸೇರಿಸುತ್ತಿದ್ದುದು ಬಯಲಾಗಿ, ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು. ಫೋನಿನ ಬ್ರೇವ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕಲು ಬರುವುದಿಲ್ಲ.

ಕೈಕೊಡುವ ಜಾಗಗಳು

ಬ್ಯಾಂಕಿನ ಒಟಿಪಿ ಪುಟ ಖಾಲಿ ನಿಂತರೆ, ಸರ್ಕಾರಿ ಸೈಟಿನಲ್ಲಿ ಕ್ಯಾಪ್ಚಾ ಕಾಣದಿದ್ದರೆ ಇಡೀ ಬ್ರೌಸರಿನ ತಡೆ ಸಡಿಲಿಸಲು ಹೋಗಬೇಡಿ. ಅಡ್ರೆಸ್ ಬಾರಿನಲ್ಲಿರುವ ಗುರಾಣಿಯ ಚಿತ್ರ ಒತ್ತಿ, ಆ ಒಂದು ಸೈಟಿಗೆ ಮಾತ್ರ ಆಫ್ ಮಾಡಿ. ಬ್ರೇವ್‌ನಲ್ಲಿ ಗುರಾಣಿಯ ಬದಲು ಸಿಂಹದ ಮುಖ ಇರುತ್ತದೆ. ಪಹಣಿಯ ಪ್ರಿಂಟು ಹೊಸ ಕಿಟಕಿಯಲ್ಲಿ ತೆರೆಯಬೇಕಾಗಿ ಬಂದು ಏನೂ ಆಗದಿದ್ದರೆ ಅದು ಟ್ರ್ಯಾಕರ್ ತಡೆಯ ಕಿತಾಪತಿ ಅಲ್ಲ, ಪಾಪ್‌ಅಪ್ ತಡೆ. ಮೇಲೆ ಬರುವ ಪಟ್ಟಿಯಲ್ಲಿ ಅನುಮತಿ ಕೊಟ್ಟರೆ ಸಾಕು. ಹಣ ಕಟ್ಟುವ ಮಧ್ಯದಲ್ಲಿ ಗುರಾಣಿ ಮುಟ್ಟಬೇಡಿ, ಪುಟ ರೀಲೋಡ್ ಆಗಿ ವ್ಯವಹಾರ ಅರ್ಧಕ್ಕೆ ನಿಲ್ಲಬಹುದು.

ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುವ ಲೆಕ್ಕಪತ್ರದವರ ಕಷ್ಟ ಬೇರೆ. ಸಹಿಯ ತಂತ್ರಾಂಶ ನಿಮ್ಮದೇ ಕಂಪ್ಯೂಟರಿನೊಳಗೆ ಓಡುತ್ತಿರುತ್ತದೆ, ಪೋರ್ಟಲ್ ಅದರ ಜೊತೆ ಮಾತಾಡಬೇಕು. ಬಿಗಿ ತಡೆಯ ಬ್ರೌಸರು ಹೊರಗಿನ ಸೈಟು ಹಾಗೆ ಒಳಗೆ ಕೈಹಾಕುವುದನ್ನು ಅನುಮಾನದಿಂದ ನೋಡುತ್ತದೆ. ಈ ಒಂದು ಕೆಲಸಕ್ಕೆ ಕ್ರೋಮೋ ಎಡ್ಜೋ ಇಟ್ಟುಕೊಳ್ಳಿ, ಅದರಲ್ಲಿ ಖಾತೆಗೆ ಸೈನ್ ಇನ್ ಆಗಬೇಡಿ, ಬೇರೆ ಯಾವ ಪುಟವನ್ನೂ ತೆರೆಯಬೇಡಿ. ಎರಡು ಬ್ರೌಸರ್ ಇಟ್ಟುಕೊಳ್ಳುವುದು ಸೋಲೇನಲ್ಲ.

ಹಳೆಯ ಡೆಸ್ಕ್‌ಟಾಪಿನಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಸಿಂಕ್ ನಿಂತರೆ, ಜೊತೆಗೆ ಎಲ್ಲ ಸೈಟೂ ಅಸುರಕ್ಷಿತ ಅನ್ನತೊಡಗಿದರೆ ಮೂಲೆಯಲ್ಲಿರುವ ತಾರೀಖು ನೋಡಿ. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತು ಇಸವಿ ಹಿಂದಕ್ಕೆ ಹೋಗಿರುತ್ತದೆ. ಹೊಸ ಬ್ಯಾಟರಿ ಹಾಕಿಸಿ, ತಾರೀಖು ಸರಿಮಾಡಿದರೆ ಸಿಂಕೂ ಸರಿಹೋಗುತ್ತದೆ.

ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಫೋನಿನಲ್ಲಿ ಅಳಿಸಿದ ಬುಕ್‌ಮಾರ್ಕ್ ಫೋಲ್ಡರು ಲ್ಯಾಪ್‌ಟಾಪಿನಿಂದಲೂ ಅಳಿಸಿಹೋಗುತ್ತದೆ, ಅದೇ ಅದರ ಕೆಲಸ. ಆರು ತಿಂಗಳಿಗೊಮ್ಮೆ ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಓ ಒತ್ತಿ, ಇಂಪೋರ್ಟ್ ಅಂಡ್ ಬ್ಯಾಕಪ್‌ನಿಂದ ಬುಕ್‌ಮಾರ್ಕುಗಳನ್ನು ಎಚ್‌ಟಿಎಂಎಲ್ ಫೈಲಾಗಿ ಪೆನ್‌ಡ್ರೈವಿಗೆ ತೆಗೆದಿಡಿ.

ಬ್ರೌಸರ್ ಬದಲಿಸಿದ ಮಾತ್ರಕ್ಕೆ ಫೋನು ತಾನಾಗಿ ಬದಲಾಗುವುದಿಲ್ಲ. ಸೆಟ್ಟಿಂಗ್ಸ್‌ನ ಡೀಫಾಲ್ಟ್ ಆ್ಯಪ್ಸ್‌ನಲ್ಲಿ ಹೊಸ ಬ್ರೌಸರ್ ಆರಿಸದಿದ್ದರೆ ವಾಟ್ಸ್‌ಆ್ಯಪಿನ ಕೊಂಡಿಗಳೆಲ್ಲ ಹಳೆಯದರಲ್ಲೇ ತೆರೆಯುತ್ತವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಒಳಗೆ ಒತ್ತಿದ ಕೊಂಡಿ ಆ ಆ್ಯಪಿನದೇ ಕಿಟಕಿಯಲ್ಲಿ ತೆರೆಯುತ್ತದೆ, ಅಲ್ಲಿ ನಿಮ್ಮ ಯಾವ ತಡೆಯೂ ನಡೆಯದು. ಮೂರು ಚುಕ್ಕಿ ಒತ್ತಿ ಹೊರಗಿನ ಬ್ರೌಸರಿಗೆ ಕಳಿಸಿ. ಹೊಸದು ಒಂದೆರಡು ವಾರ ಸರಿಯಾಗಿ ನಡೆದ ಮೇಲೆ ಗೂಗಲ್ ಖಾತೆಯಲ್ಲಿ ಕ್ರೋಮ್ ಸಿಂಕ್ ಡೇಟಾ ಅಳಿಸುವ ಪುಟಕ್ಕೆ ಹೋಗಿ ಹಳೆಯ ಪ್ರತಿ ತೆಗೆಯಿರಿ. ಇಲ್ಲದಿದ್ದರೆ ಟ್ರಂಕು ಎರಡು ಮನೆಯಲ್ಲಿ ಇದ್ದಂತೆ.

ಅಂಗಡಿ ಕಂಪ್ಯೂಟರು, ಮಾರುವ ಫೋನು

ಮಾನಸಗಂಗೋತ್ರಿ ಅಕ್ಕಪಕ್ಕದ ಜೆರಾಕ್ಸ್ ಅಂಗಡಿಯಲ್ಲೋ, ಊರಿನ ಗ್ರಾಮ ಒನ್ ಕೇಂದ್ರದಲ್ಲೋ ಒಂದು ಪಿಡಿಎಫ್ ಪ್ರಿಂಟಿಗೆ ಅಂತ ಅಲ್ಲಿನ ಬ್ರೌಸರಿನಲ್ಲೇ ಸಿಂಕ್ ಖಾತೆಗೆ ಸೈನ್ ಇನ್ ಆಗಿಬಿಟ್ಟರೆ ನಿಮ್ಮ ಅಷ್ಟೂ ಪಾಸ್‌ವರ್ಡುಗಳು ಒಂದೆರಡು ನಿಮಿಷದಲ್ಲಿ ಆ ಕಂಪ್ಯೂಟರಿಗೆ ಇಳಿಯುತ್ತವೆ. ಎಂಡ್ ಟು ಎಂಡ್ ಬೀಗ ಅಲ್ಲಿ ಕೆಲಸಕ್ಕೆ ಬಾರದು, ಕೈ ತಿರುಗಿಸಿದವರು ನೀವೇ. ಅಲ್ಲಿ ಪ್ರೈವೇಟ್ ಕಿಟಕಿ ತೆರೆದು ಇಮೇಲ್ ಮಾತ್ರ ನೋಡಿ, ಮುಚ್ಚಿ. ಈಗಾಗಲೇ ತಪ್ಪಾಗಿದ್ದರೆ ಆ ಕಂಪ್ಯೂಟರಿನ ಮುಂದೆಯೇ ಕೂತು ಸೈನ್ ಔಟ್ ಮಾಡಿ, ಈ ಸಾಧನದಿಂದ ಡೇಟಾ ಅಳಿಸು ಅನ್ನುವ ಟಿಕ್ ಹಾಕಿ. ಮನೆಗೆ ಬಂದುಬಿಟ್ಟಿದ್ದರೆ ಖಾತೆಯ ಸಾಧನಗಳ ಪಟ್ಟಿಯಿಂದ ಅದನ್ನು ತೆಗೆಯಬಹುದು. ಆದರೆ ಅದರಿಂದ ಮುಂದಿನ ಸಿಂಕ್ ನಿಲ್ಲುತ್ತದೆಯೇ ಹೊರತು ಆಗಲೇ ಇಳಿದದ್ದು ಅಳಿಯುವುದಿಲ್ಲ. ಬ್ರೇವ್ ಚೈನಿನಿಂದ ಸಾಧನ ತೆಗೆದರೂ ಇದೇ ಕಥೆ. ಆಗ ಉಳಿಯುವ ದಾರಿ ಒಂದೇ: ಬ್ಯಾಂಕು, ಇಮೇಲಿನಿಂದ ಶುರುಮಾಡಿ ಪಾಸ್‌ವರ್ಡುಗಳನ್ನು ಬದಲಿಸುತ್ತಾ ಬರುವುದು. ಮೊದಲು ಇಮೇಲು, ಏಕೆಂದರೆ ಉಳಿದದ್ದೆಲ್ಲ ರೀಸೆಟ್ ಆಗುವುದು ಅದರಿಂದ.

ಹಳೆಯ ಫೋನು ಎಕ್ಸ್‌ಚೇಂಜಿಗೆ ಕೊಡುವಾಗ ಕ್ರಮ ಹೀಗಿರಲಿ. ಹೊಸ ಫೋನನ್ನು ಸಿಂಕಿಗೆ ಸೇರಿಸಿ, ಒಂದೆರಡು ಪಾಸ್‌ವರ್ಡ್ ತೆರೆದು ನಿಜಕ್ಕೂ ಬಂದಿವೆಯೇ ನೋಡಿ. ಆಮೇಲೆ ಹಳೆಯದರಲ್ಲಿ ಸೈನ್ ಔಟ್, ಆಮೇಲೆ ಫ್ಯಾಕ್ಟರಿ ರೀಸೆಟ್. ಕೊನೆಗೆ ಹೊಸ ಫೋನಿನಲ್ಲಿ ಸಾಧನಗಳ ಪಟ್ಟಿ ತೆರೆದು ಹಳೆಯದರ ಹೆಸರು ಹೋಗಿದೆಯೇ ನೋಡಿ, ಅಂಗಡಿಯವರ ಕೈಗೆ ಫೋನು ಕೊಡುವ ಮೊದಲೇ.